ಪಾದಕ್ಕೆ ಹದಿನೈದು ನಿಮಿಷ

ನಾಲ್ಕನೇ ಕಿಮೋ ಆದ ಮೇಲೆ ನನ್ನ ಹೆಂಡತಿಗೆ ಅಡುಗೆಮನೆಯಿಂದ ನಡುಮನೆಗೆ ಬರುವಷ್ಟರಲ್ಲಿ ಒಂದು ಸಲ ಕೂರಬೇಕಾಗುತ್ತಿತ್ತು. ಅದಕ್ಕೆಂದೇ ಗೋಡೆಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದೆವು. ಅದರಲ್ಲಿ ಕೂತೇ ಅವಳು ಹೇಳಿದ್ದು: "ಇನ್ನೆರಡಕ್ಕೆ ನಾನು ಬರಲ್ಲ ಕಣ್ರೀ. ಕಾಯಿಲೆ ಏನ್ ಮಾಡುತ್ತೋ ಗೊತ್ತಿಲ್ಲ, ಈ ಸುಸ್ತೇ ನನ್ನ ಮುಗಿಸಿಬಿಡುತ್ತೆ." ಹೀಗೇ ಹೇಳಿದಳೆಂದು ನೆನಪು. ಡೈರಿ ತೆಗೆದು ನೋಡಿದರೆ ಅವತ್ತು ಬರೆದಿರುವುದು "ಐದನೆಯದಕ್ಕೆ ಬರುವುದಿಲ್ಲವಂತೆ" ಎಂದಷ್ಟೆ. ಉಳಿದದ್ದು ಅವಳ ಮಾತೋ, ಆಮೇಲೆ ನಾನು ಸೇರಿಸಿಕೊಂಡಿದ್ದೋ, ಆಣೆ ಮಾಡಿ ಹೇಳಲಾರೆ.

ಹಾಸನದಲ್ಲಿ ನಾವು ಹೋಗುವ ಆಸ್ಪತ್ರೆಯ ಸಿಸ್ಟರ್‌ಗೆ ವಿಷಯ ತಿಳಿಸಿದೆ. ಅವರು ಡಾಕ್ಟರನ್ನು ಕೇಳಿಕೊಂಡು ಬಂದರು. "ದಿನಾ ಹದಿನೈದು ನಿಮಿಷ ಪಾದ ನೀವಿ ಸಾರ್. ಕಾಯಿಲೆ ವಾಸಿ ಮಾಡಲ್ಲ, ಸುಸ್ತು ಸ್ವಲ್ಪ ಇಳೀಬಹುದು. ಎದೆ ಆಪರೇಷನ್ ಆದ ಕಡೆಯ ಕೈಯನ್ನ ಮುಟ್ಟಬೇಡಿ, ಇನ್ನೊಂದು ಕೈ ಸೂಜಿ ಚುಚ್ಚಿ ಊದಿದೆ, ಪಾದ ಸಾಕು. ಒತ್ತಬೇಡಿ, ಮಗು ಕೆನ್ನೆ ಸವರಿದ ಹಾಗೆ." ನನ್ನ ಮುಂಗೈ ಮೇಲೆ ಮಾಡಿ ತೋರಿಸಿದರು. ಹೊಳೆನರಸೀಪುರದ ಕಾಲೇಜಿನಲ್ಲಿ ಇಷ್ಟು ವರ್ಷ ಪಾಠ ಹೇಳಿದವನು, ವಿದ್ಯಾರ್ಥಿಯ ಹಾಗೆ ಎಲ್ಲ ಬರೆದುಕೊಂಡೆ. ಇದರಲ್ಲಿ ಕಷ್ಟವೇನಿದೆ ಅನ್ನಿಸಿತ್ತು.

ಸಂಜೆ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಮಂಚದ ತುದಿಯಲ್ಲಿ ಕೂತರೆ ಅವಳು ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

"ಗಂಡನ ಕೈಲಿ ಕಾಲು ಹಿಡಿಸ್ಕೊಳ್ಳೋದಾ? ನಮ್ಮವ್ವ ಇದ್ದಿದ್ರೆ ಬಾಗ್ಲಿಗೆ ಸೇರಿಸ್ತಿರಲಿಲ್ಲ."

"ಸಿಸ್ಟರ್ ಹೇಳಿದ್ದಾರೆ ಮಾರಾಯ್ತಿ."

"ಅವ್ರೇನು, ಹೇಳ್ತಾರೆ. ಪಾಪ ಸುತ್ಕೊಳ್ಳೋದು ನನ್ನನ್ನ."

ಬಹಳ ಹೊತ್ತು ವಾದ ಮಾಡಿದ ಮೇಲೆ ಒಪ್ಪಿದಳು. ಹತ್ತು ನಿಮಿಷಕ್ಕೆ ಕಣ್ಣು ಮುಚ್ಚಿದಳು, ಉಸಿರು ನಿಧಾನವಾಯಿತು. ನನಗೆ ಹೆಮ್ಮೆ. ಎಣ್ಣೆ ಒರೆಸಿ ಎದ್ದು ನಿಂತೆ. ಅವಳೂ ಮಂಚದ ಕಟ್ಟು ಹಿಡಿದು ಎದ್ದಳು, ಬಗ್ಗಿದಳು, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಹಳ್ಳಿಮೈಸೂರಿನ ಅವಳ ತವರಿನಲ್ಲಿ, ಗೊತ್ತಿಲ್ಲದೆ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಗಂಡನೇ ಕಾಲು ಹಿಡಿದರೆ ಅಷ್ಟಕ್ಕೆ ಮುಗಿಯುತ್ತದೆಯೇ? ಬಗ್ಗಿದವಳಿಗೆ ಏಳಲಾಗಲಿಲ್ಲ. ಎತ್ತಿ ಮಲಗಿಸಿದಾಗ ಹಣೆಯೆಲ್ಲ ಬೆವರು. ಹದಿನೈದು ನಿಮಿಷದಲ್ಲಿ ಬಂದದ್ದು ಅರ್ಧ ನಿಮಿಷದಲ್ಲಿ ಹೋಯಿತು.

ಮರುದಿನ ನೀವಿದ ತಕ್ಷಣ ನಾನು ಕೋಣೆಯಿಂದ ಆಚೆಗೆ ಓಡಿದೆ. ಅವಳು ಗೋಡೆ ಹಿಡಿದುಕೊಂಡು ಹಿಂದೆಯೇ ಬಂದಳು. ಎಣ್ಣೆ ಬಟ್ಟಲನ್ನು ನೆಲಕ್ಕೆ ಕುಕ್ಕಿ ಏನೋ ಕೂಗಾಡಿದೆ. ಇದು ಡೈರಿಯಲ್ಲಿಲ್ಲ. ನನಗೆ ಬೇಡವಾದದ್ದು ಯಾವುದೂ ಅದರಲ್ಲಿಲ್ಲ ಎಂಬುದು ಈಚೆಗೆ ಗೊತ್ತಾಗುತ್ತಿದೆ.

ಹೆಂಗಸರೇ ಮಾಡಿದರೆ ಈ ತಾಪತ್ರಯವಿರುವುದಿಲ್ಲವೆಂದು ಬಾಗೂರಿನಿಂದ ಅವಳ ಅಕ್ಕನನ್ನು ಕರೆಸಿದೆ. ಅಕ್ಕ ಚನ್ನರಾಯಪಟ್ಟಣದ ಬಸ್ಸಿನಲ್ಲಿ ಹರಳೆಣ್ಣೆ ಬಾಟಲಿ ಸಮೇತ ಬಂದಿಳಿದರು.

"ನೀವು ಆಚೆಗೋಗಿ ಮೇಷ್ಟ್ರೇ. ಇದು ಗಂಡಸ್ರ ಕೆಲ್ಸ ಅಲ್ಲ."

ಬಾಗಿಲಲ್ಲೇ ನಿಂತು ನೋಡಿದೆ. ಮುದ್ದೆ ಹಿಟ್ಟು ನಾದಿದ ಹಾಗೆ ಮೀನಖಂಡ ನಾದುತ್ತಿದ್ದರು.

"ಅಕ್ಕಾ, ಮೆತ್ತಗೆ."

"ಮೆತ್ತಗೆ ತಿಕ್ಕಿದ್ರೆ ಸುಸ್ತು ಎಂಗೋದಾತು? ನಮ್ಮಟ್ಟೀಲಿ ಬಾಣಂತೀರ್ನೆಲ್ಲ ಇಂಗೇ ತಿಕ್ಕಿ ಎಬ್ಸಿರದು ಕಣಪ್ಪ."

ದೊಡ್ಡವಳೆಂದು ಇವಳೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಕಾಲ ಮೇಲೆ ನೀಲಿ ಕಲೆಗಳು. ಫೋನಿನಲ್ಲಿ ಸಿಸ್ಟರ್ ಬೈದದ್ದು ನನಗೆ: "ಬ್ಲಡ್ ಕೌಂಟ್ ಕಮ್ಮಿ ಇರುವಾಗ ಹಿಂಗೆ ಒತ್ತುತ್ತಾರಾ ಸಾರ್? ಕರ್ಕೊಂಡು ಬನ್ನಿ, ಡಾಕ್ಟರ್ ನೋಡ್ಲಿ." ರಕ್ತ ಪರೀಕ್ಷೆಯಾಯಿತು, ಗಾಬರಿಪಡುವಂಥದ್ದೇನೂ ಇರಲಿಲ್ಲ. ಅಕ್ಕ ಮುಖ ಊದಿಸಿಕೊಂಡು ಬಾಗೂರಿಗೆ ಹೋದರು. ಅದೇ ಮಧ್ಯಾಹ್ನ ಸಹೋದ್ಯೋಗಿಯೊಬ್ಬರ ಫೋನು: ಅರಕಲಗೂಡಿನಲ್ಲಿ ಉಳುಕು ತೆಗೆಯುವವರೊಬ್ಬರಿದ್ದಾರೆ, ಬಹಳ ಒಳ್ಳೆಯ ಕೈ. ಅವರ ಮಾತು ಮುಗಿಯುವ ಮೊದಲೇ ಫೋನ್ ಇಟ್ಟೆ.

ಆಮೇಲೆ ಹೊಳೆದ ಉಪಾಯ ನನ್ನದೆಂದು ನಾನು ಹೇಳುತ್ತೇನೆ, ತನ್ನದೆಂದು ಅವಳು. ನೀವುವುದಕ್ಕೆ ಮುಂಚೆಯೇ ನಾನು ಮಂಚದ ಪಕ್ಕ ನಿಂತು ಬಲಗಾಲೆತ್ತಿ ಅವಳ ಕೈ ಹತ್ತಿರ ಇಡುವುದು, ಅವಳು ಮಲಗಿದ್ದ ಹಾಗೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಪಾಪಕ್ಕೆ ಮುಂಚೆ ಪರಿಹಾರ. ಮಂಡಿನೋವಿನ ನಾನು ಕಿಟಕಿಯ ಸರಳು ಹಿಡಿದು ಕಾಲೆತ್ತಬೇಕು. ಒಂದು ದಿನ ಮಜ್ಜಿಗೆ ಕೊಡಲು ಬಂದ ಪಕ್ಕದ ಮನೆಯಾಕೆ, ಕಾಯಿಲೆಯ ಹೆಂಡತಿಯ ತಲೆಯ ಬಳಿ ಕಾಲು ಚಾಚಿ ನಿಂತ ಮೇಷ್ಟರನ್ನು ನೋಡಿ ಚೊಂಬು ಹೊಸಿಲ ಮೇಲೇ ಇಟ್ಟು ಹೋದರು.

"ನೋಡಿ, ಈಗ ಯಾರಿಗೆ ಜಾಸ್ತಿ ಸುಸ್ತು?" ಎಂದಳು ಇವಳು. ಎಷ್ಟೋ ದಿನದ ಮೇಲೆ ನಕ್ಕಿದ್ದು. ಡೈರಿಯಲ್ಲಿ: "ಪಾದ. ಹದಿನೈದು ನಿಮಿಷ. ನಿದ್ದೆ ಬಂತು."

ಸುಮಾರು ಒಂದು ವಾರದ ಮೇಲೆ ಅವಳು ಕುರ್ಚಿಯಲ್ಲಿ ಕೂರದೆ ನಡುಮನೆಗೆ ಬಂದಳು. ನೀವಿದ್ದರಿಂದಲೋ, ಔಷಧಿಯ ಕಾವು ಇಳಿದದ್ದರಿಂದಲೋ? ಕಿಮೋ ಆದ ಮೂರನೇ ವಾರ ಹೇಗೂ ಸ್ವಲ್ಪ ಹಗುರಾಗುತ್ತದೆ ಎಂದು ಸಿಸ್ಟರೇ ಹೇಳಿದ್ದರು. ನನ್ನ ಕೈಗುಣ ಎಂದುಕೊಳ್ಳಲು ಆಸೆಯಿದೆ, ಆದ್ದರಿಂದಲೇ ನಂಬುವುದಿಲ್ಲ.

ಐದನೆಯದರ ದಿನ ಬಂತು. ಬರುತ್ತೀಯಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಸ್ನಾನ ಮುಗಿಸಿ ಬಂದರೆ ಅವಳು ಸೀರೆ ಉಟ್ಟು, ಆಸ್ಪತ್ರೆಯ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು.

"ಮಲಗಿಕೊಂಡು ಮಾಡಿದ ನಮಸ್ಕಾರ ನಮಸ್ಕಾರ ಅಲ್ಲ ಕಣ್ರೀ," ಎಂದಳು. "ಎಲ್ಲ ಮುಗೀಲಿ. ಒಂದ್ಸಲ ನಾನು ಸರಿಯಾಗಿ ಬಗ್ಗಿ ಮಾಡಿ, ನಾನಾಗೇ ಎದ್ದು ನಿಂತ್ಕೋತೀನಿ. ನೀವು ಆಗ ಓಡಿಹೋಗಬೇಡಿ."

ಈ ಪಾಪಪುಣ್ಯವನ್ನೆಲ್ಲ ನಾನು ಒಪ್ಪುವುದಿಲ್ಲ ಎಂದು ನೂರನೇ ಸಲ ಹೇಳಲು ಬಾಯಿ ತೆರೆದೆ. ಹೊರಗೆ ಆಟೋದವನು ಹಾರನ್ ಮಾಡಿದ. "ಆಯ್ತು, ಏಳು," ಎಂದೆ.