ಒಂಬತ್ತು ಮಕ್ಕಳ ಶಾಲೆಯ ಡೋಂಕಾ

ಬಲ್ಗೇರಿಯಾದ ಆ ಬೆಟ್ಟದೂರಿನ ಶಾಲೆಗೆ ಮೊದಲು ಯಾವನೋ ದಂಡನಾಯಕನ ಹೆಸರಿತ್ತು. ಪ್ರವಾಸ ಹೋದಾಗ ಅಣೆಕಟ್ಟಿನ ನೀರಿನಲ್ಲಿ ದೋಣಿ ಮಗುಚಿ ಐದನೇ ತರಗತಿಯ ಒಂಬತ್ತು ಮಕ್ಕಳು ತೀರಿಕೊಂಡ ಮೇಲೆ ಅದು ‘ಒಂಬತ್ತು ಮಕ್ಕಳ ಶಾಲೆ’ಯಾಯಿತು. ಆ ತರಗತಿಯಲ್ಲಿದ್ದದ್ದು ಹತ್ತು ಮಕ್ಕಳು. ಹತ್ತನೆಯವಳು ಡೋಂಕಾ. ಈಗ ಅವಳಿಗೆ ನಲವತ್ತೆರಡು. ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ.

ಪ್ರವಾಸದ ದಿನ ಅಪ್ಪನ ಸಹಿಯಿದ್ದ ಒಪ್ಪಿಗೆಯ ಚೀಟಿ ತಂದಿಲ್ಲವೆಂದು ಮೇಷ್ಟರು ಅವಳನ್ನು ಮನೆಗೆ ಕಳಿಸಿದ್ದರು. ಚೀಟಿಯನ್ನು ಮರೆತದ್ದೋ, ನೀರಿನ ಭಯಕ್ಕೆ ಬೇಕೆಂದೇ ಹಾಸಿಗೆಯಡಿ ತುರುಕಿದ್ದೋ, ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿದಿಲ್ಲ. ಪ್ರತಿವರ್ಷ ಶಾಲೆಯಲ್ಲಿ ನಡೆಯುವ ಆ ಮಕ್ಕಳ ಸ್ಮರಣೆಯ ದಿನ ಎಲ್ಲಿ ನಿಲ್ಲಬೇಕೆಂಬುದೂ ತಿಳಿಯದು. ಸತ್ತವರ ಮನೆಯವರ ಜೊತೆ ನಿಲ್ಲಲು ತನಗೇನು ಹಕ್ಕು ಅನ್ನಿಸುವುದು. ಕೆಲಸದವರ ಜೊತೆ ನಿಂತರೆ ಅದೂ ತಪ್ಪೆನಿಸುವುದು. ಕೊನೆಗೆ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಡುವಳು.

ಈ ವರ್ಷ ಹೊಸ ಹೆಡ್‌ಮಾಸ್ಟರು, ಆ ಮಕ್ಕಳ ಬಗ್ಗೆ ನೀವೇ ನಾಲ್ಕು ಮಾತಾಡಿ ಎಂದು ಡೋಂಕಾಳಿಗೆ ಹೇಳಿದರು. ಅವಳು, ಸತ್ತವರಲ್ಲೊಬ್ಬಳಾದ, ತರಗತಿಯಲ್ಲಿ ತನ್ನ ಪಕ್ಕದಲ್ಲೇ ಕೂರುತ್ತಿದ್ದ ಮಿಲ್ಕಾಳ ತಾಯಿ ಪೆನಾಳ ಮನೆಗೆ ಹೋದಳು. ಮುದುಕಿ ಸ್ಮರಣೆಗೆ ಹಂಚುವ ಸಿಹಿಗೋಧಿ ಬೇಯಿಸುತ್ತಿದ್ದಳು.

“ಅತ್ತೆ, ನಾನು ಮಾತಾಡಿದ್ರೆ ನಿಮಗೆ ನೋವಾಗಲ್ವಾ? ಆ ಚೀಟಿ ನಾನೇ ಬಚ್ಚಿಟ್ಟಿದ್ನೋ ಏನೋ, ನಂಗೇ ಗೊತ್ತಿಲ್ಲ.”

ಪೆನಾ ಸೌಟಾಡಿಸುತ್ತಲೇ ಹೇಳಿದಳು: “ಬಚ್ಚಿಟ್ಟಿದ್ರೆ ನಮ್ಮ ಮಿಲ್ಕಾಗೂ ಹೇಳಿಕೊಡ್ಬೇಕಿತ್ತು ಕಣೇ.”

ಅದು ಸಮಾಧಾನವೋ ಚುಚ್ಚುಮಾತೋ ಡೋಂಕಾಳಿಗೆ ಅರ್ಥವಾಗಲಿಲ್ಲ. ಎದ್ದು ಹೋಗಲೇ, ಕೂತಿರಲೇ ಎಂದು ಅವಳು ತೊಳಲುತ್ತಿರುವಾಗ ಮುದುಕಿಯೇ ಮತ್ತೆ ಬಾಯಿಬಿಟ್ಟಳು. “ಸ್ಮಾರಕದ ಕಲ್ಲಿನ ಮೇಲೆ ಎಲ್ಲರನ್ನೂ ದೇವತೆಗಳು ಅಂತ ಬರ್ಸಿದ್ದಾರೆ. ನನ್ ಮಗಳು ಎಂಥ ದೇವತೆ? ನಿನ್ನ ಪುಸ್ತಕ ನೋಡಿ ಲೆಕ್ಕ ಬರೀತಿದ್ಲು. ಅದನ್ನ ಹೇಳು.”

ಸ್ಮರಣೆಯ ದಿನ ಡೋಂಕಾ ಎಲ್ಲರೆದುರು ಅದನ್ನೇ ಹೇಳಿದಳು. ಮಿಲ್ಕಾಳ ನಕಲು, ಜೇಬಿನಲ್ಲಿ ಕಪ್ಪೆ ತರುತ್ತಿದ್ದ ಹುಡುಗ, ರಾಗ ಬಾರದಿದ್ದರೂ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದ ಅವಳಿಜವಳಿ ಹುಡುಗಿಯರು. ಕೇಳುತ್ತಿದ್ದ ಶಾಲೆಯ ಮಕ್ಕಳು ಗೊಳ್ಳೆಂದು ನಕ್ಕರು. ನಗಿಸಿದ್ದು ತಪ್ಪಾಯಿತೇನೋ ಎಂದು ಗಾಬರಿಯಾಗಿ ಅವಳು ಪೆನಾಳತ್ತ ನೋಡಿದಳು. ಪೆನಾಳ ಹೆಗಲು ಕುಲುಕುತ್ತಿತ್ತು, ಮುಖ ಕರವಸ್ತ್ರದಲ್ಲಿತ್ತು. ನಗುವೋ ಅಳುವೋ ಗೊತ್ತಾಗಲಿಲ್ಲ. ಅಂದು ಪ್ರವಾಸಕ್ಕೆ ತಾನು ಏಕೆ ಹೋಗಲಿಲ್ಲವೆಂಬುದು ತನಗೇ ತಿಳಿಯದೆಂದೂ ಡೋಂಕಾ ಹೇಳಿಬಿಟ್ಟಳು.

ಆಮೇಲೆ ಭಾನುವಾರಗಳಲ್ಲಿ ಅವಳು ಪೆನಾಳ ಮನೆಗೆ ಹೋಗತೊಡಗಿದಳು. ಇಬ್ಬರೂ ದೊಣ್ಣೆಮೆಣಸು ಸುಟ್ಟು ಸಿಪ್ಪೆ ಬಿಡಿಸುತ್ತಾರೆ, ಮಿಲ್ಕಾಳ ಬಗ್ಗೆ ಮಾತಾಡುತ್ತಾರೆ. ಮುದುಕಿಗೆ ತನ್ನ ಮೇಲಿರುವುದು ಪ್ರೀತಿಯೋ ಸಿಟ್ಟೋ ಎಂದು ಕೇಳಬೇಕೆಂದು ಡೋಂಕಾಳಿಗೆ ಅನಿಸುತ್ತದೆ. ಇನ್ನೂ ಕೇಳಿಲ್ಲ.