ಲಗೇಜಕ್ಕನ ನೂರಾ ಏಳನೇ ಬಿಲ್ಲೆ

ಬೆಳಗಿನ ನಾಲ್ಕೂ ಮುಕ್ಕಾಲು. ಒಂದನೇ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಕುಡಿಯುವ ನೀರಿನ ನಲ್ಲಿಗಳಿಗೂ ಮೇಲ್ಸೇತುವೆಯ ಮೆಟ್ಟಿಲಿಗೂ ನಡುವೆ, ಪ್ರಯಾಣಿಕರ ಚೀಲಗಳನ್ನು ಇಟ್ಟುಕೊಂಡು ಕಾಯುವ ರೂಮಿನ ಕಬ್ಬಿಣದ ಷಟರ್ ಅರ್ಧ ಏಳುತ್ತದೆ, ಅಲ್ಲೇ ಕಚ್ಚಿಕೊಳ್ಳುತ್ತದೆ. ಬಲಗಡೆ ಮೂಲೆಗೆ ಮೊಣಕೈಯಿಂದ ಒಂದು ಗುದ್ದು ಬೀಳುತ್ತದೆ. ಷಟರ್ ತೆಪ್ಪಗೆ ಮೇಲೇರುತ್ತದೆ. ಇಪ್ಪತ್ತೇಳು ವರ್ಷದಿಂದ ದಿನಕ್ಕೊಂದರಂತೆ ಆ ಗುದ್ದು ಕೊಡುತ್ತ ಬಂದವರಿಗೆ ಹೆತ್ತವರಿಟ್ಟ ಹೆಸರು ಬೇರೆ ಇದೆ. ಸ್ಟೇಷನ್ನಿನಲ್ಲಿ ಅದನ್ನು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಲಗೇಜಕ್ಕ.

ಇವತ್ತು ಲಗೇಜಕ್ಕನ ಕೈಯಲ್ಲಿ ಒಂದು ನೀಲಿ ಬ್ಯಾಗಿದೆ. ಅದನ್ನು ಕಟ್ಟೆಯ ಮೇಲಿಟ್ಟು, ಪಕ್ಕದ ಬಾಗಿಲಿಂದ ಒಳಗೆ ಹೋಗಿ, ಕಟ್ಟೆಯ ಆಚೆ ನಿಂತು, ಅದೇ ಬ್ಯಾಗನ್ನು ತಾವೇ ಬರಮಾಡಿಕೊಳ್ಳುತ್ತಾರೆ. ದಪ್ಪ ಪುಸ್ತಕದಲ್ಲಿ ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಜೋಡಿ ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಬ್ಯಾಗಿನ ಹಿಡಿಗೆ ಕಟ್ಟುತ್ತಾರೆ: ನೂರಾ ಏಳು. ಇನ್ನೊಂದನ್ನು ಗಿರಾಕಿಯ ಕೈಗೆ ಕೊಡಬೇಕು. ಗಿರಾಕಿಯೂ ತಾವೇ ಆದ್ದರಿಂದ ಅದನ್ನು ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನಗುತ್ತಾರೆ.

"ಈ ರೂಮಲ್ಲಿ ಬಿಲ್ಲೆ ಇಲ್ದೆ ಒಂದು ಕೊಡೆ ಕೂಡ ಇರಬಾರದು. ಸ್ಟೇಷನ್ ಮಾಸ್ತರರದ್ದಾದ್ರೂ ಸರಿ, ನನ್ನದಾದ್ರೂ ಸರಿ," ಎನ್ನುತ್ತಾರೆ. "ಸುಳ್ಯಾಕೆ, ಒಂದು ಸಲ ಗಿರಾಕಿ ಆಗಬೇಕು ಅಂತ ಆಸೆನೂ ಇತ್ತು."

ಏಳೂ ಇಪ್ಪತ್ತರ ಗಾಡಿಗೆ ಅವರು ಹೊರಡುತ್ತಿದ್ದಾರೆ. ಒಬ್ಬರೇ. ಅರವತ್ತೊಂದನೇ ವಯಸ್ಸಿನಲ್ಲಿ, ಹೊಳೆಯ ಮೇಲೆ ಹದಿನಾಲ್ಕು ಸೇತುವೆಗಳಿರುವ ಒಂದು ಹಳೇ ರಾಜಧಾನಿಗೆ, ಆರು ದಿನದ ಮಟ್ಟಿಗೆ. ಇಷ್ಟು ವರ್ಷದಲ್ಲಿ ಎರಡು ಸಲ ಟಿಕೆಟ್ ತೆಗೆದದ್ದುಂಟು, ಎರಡು ಸಲವೂ ಬದಲಿಗೆ ಬರಬೇಕಾದವರು ಕೈಕೊಟ್ಟು ಟಿಕೆಟ್ ವಾಪಸಾಯಿತು. ಮುಂದಿನ ತಿಂಗಳು ಎರಡೂ ಮಂಡಿಗೆ ಆಪರೇಷನ್ ಇದೆ. ಈ ಸಲ ತಪ್ಪಿದರೆ ಇನ್ನಿಲ್ಲ ಎಂಬುದು ಅವರಿಗೂ ಗೊತ್ತು, ಮಂಡಿಗೂ ಗೊತ್ತು.

ಅಷ್ಟರಲ್ಲಿ ಕಟ್ಟೆಯ ಮುಂದೆ ನೆರಳು ಬೀಳುತ್ತದೆ. ಲಗೇಜಕ್ಕ ಬಿಲ್ಲೆಯನ್ನು ಕೈಗೆ ಸಿಕ್ಕಲ್ಲಿ ಸಿಕ್ಕಿಸಿ ಅತ್ತ ತಿರುಗುತ್ತಾರೆ. ನಲವತ್ತರ ಆಸುಪಾಸಿನ ಕನ್ನಡಕದ ಹೆಂಗಸೊಬ್ಬರು ಸೂಟ್‌ಕೇಸನ್ನು ಕಟ್ಟೆಯ ಮೇಲಿಟ್ಟಿದ್ದಾರೆ. ಇಟ್ಟಮೇಲೂ ಹಿಡಿಯನ್ನು ಬಿಟ್ಟಿಲ್ಲ.

"ಒಬ್ರೇ ಬಂದಿದೀರ? ಮೊದಲ ಸಲ?"

"ಹೇಗೆ ಗೊತ್ತಾಯ್ತು?"

"ಕೈ ಬಿಡ್ತಾ ಇಲ್ವಲ್ಲ, ತವರಿಂದ ಹೊರಟ ಹುಡುಗಿ ಹಾಗೆ."

ದಿನಕ್ಕೆ ನೂರಾ ನಲವತ್ತು ಚೀಲ ಈ ಕಟ್ಟೆ ಹತ್ತಿ ಇಳಿಯುತ್ತವೆ. ಅವುಗಳ ಹಿಂದೆ ನಿಲ್ಲುವವರಲ್ಲಿ ಐದಾರು ಮಂದಿಯಾದರೂ ಈ ದೊಡ್ಡ ಹಳೇ ಊರಿಗೆ ಮೊದಲ ಸಲ, ಒಂಟಿಯಾಗಿ ಬಂದವರು. ಅಂಥವರ ಚೀಲವನ್ನು ಲಗೇಜಕ್ಕ ಕೂಡಲೇ ಒಳಗಿಡುವುದಿಲ್ಲ. ಮೊದಲು ಒಂದು ಪರೀಕ್ಷೆ ಇದೆ. ಸ್ಟೇಷನ್ನಿನ ಹೊರಗೆ ಎಡಕ್ಕೆ ನಡೆದರೆ ಮೂಲೆಯಲ್ಲಿ ಕೆಂಪು ಅಂಚೆ ಡಬ್ಬಿ ಸಿಗುತ್ತದೆ. ಅಲ್ಲಿಯವರೆಗೆ ಹೋಗಬೇಕು, ನಿಲ್ಲಬೇಕು, ಪೂರ್ತಿ ಹಿಂದಕ್ಕೆ ತಿರುಗಿ ಬಂದ ದಾರಿಯನ್ನು ಕಣ್ಣು ತುಂಬ ನೋಡಬೇಕು, ಆಮೇಲೆ ಯಾರನ್ನೂ ಕೇಳದೆ ವಾಪಸ್ ಬರಬೇಕು.

"ಹೋಗೋದನ್ನ ಯಾರು ಬೇಕಾದ್ರೂ ಹೋಗ್ತಾರೆ, ಬರೋದನ್ನ ಕಲೀಬೇಕು," ಎನ್ನುತ್ತಾರೆ ಲಗೇಜಕ್ಕ. "ಪ್ರತಿ ಮೂಲೇಲೂ ಒಂದು ಸಲ ತಿರುಗಿ ನೋಡಿ. ಹೋಗುವಾಗ ಕಂಡ ಬೀದಿ ಬರುವಾಗ ಬೇರೇನೇ ಬೀದಿ. ಮನೆಗಳು ಮುಖ ಬದಲಾಯಿಸಿ ಕೂತಿರ್ತವೆ."

ಈ ಮಾತು ಪುಸ್ತಕದಿಂದ ಬಂದದ್ದಲ್ಲ. ಮೂವತ್ತು ವರ್ಷದ ಹಿಂದೆ, ಗಂಡ ತೀರಿಹೋದ ಮೇಲೆ, ಒಂದು ಗಂಟು ಹಿಡಿದು ಕೆಲಸ ಹುಡುಕುತ್ತ ಅವರು ಇದೇ ಊರಿಗೆ ಬಂದಿಳಿದರು. ಗಂಟನ್ನು ಬಾಡಿಗೆ ಕೋಣೆಯಲ್ಲಿಟ್ಟು ಬ್ರೆಡ್ಡು ತರಲು ಹೋದವರಿಗೆ ವಾಪಸ್ ದಾರಿ ಸಿಗಲಿಲ್ಲ. ಒಂದೇ ಥರದ ಬಾಗಿಲು, ಒಂದೇ ಥರದ ಕಮಾನು. ಐದು ಗಂಟೆ ಸುತ್ತಿದರು. ಬ್ರೆಡ್ಡು ದಾರಿಯಲ್ಲೇ ಮುಗಿಯಿತು. ನಡೆದು ಹೋಗುವವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸಿದರು. ಕೊನೆಗೆ ಅಂಗಡಿ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ಹೆಂಗಸೊಬ್ಬಳು ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಬಂದು ಕೋಣೆ ತೋರಿಸಿದಳು. ಅಲ್ಲಿಂದ ಇನ್ನೂರು ಹೆಜ್ಜೆ ಇತ್ತು, ಅಷ್ಟೇ.

"ಅವತ್ತಿಂದ ನನ್ನ ಮಾತು ಒಂದೇ. ನಡೀತಿರೋರನ್ನ ದಾರಿ ಕೇಳಬೇಡಿ, ಅವರೂ ಹೊಸಬರಿರಬಹುದು. ಕೂತಿರೋರನ್ನ ಕೇಳಿ. ದಿನಾ ಅಲ್ಲೇ ಕೂರೋರಿಗೆ ಊರು ಗೊತ್ತಿರುತ್ತೆ."

ತರಕಾರಿ ಮಂಡಿಯಲ್ಲಿ ಮೂಟೆ ಹೊತ್ತು, ಸ್ಟೇಷನ್ನಿನ ಕಸ ಗುಡಿಸಿ, ಆಮೇಲೆ ಅವರಿಗೆ ಈ ರೂಮು ಸಿಕ್ಕಿತು. ಆರು ಸಾಲು ಕಬ್ಬಿಣದ ಖಾನೆ, ಒಂದು ಮೂರು ಮೆಟ್ಟಿಲ ಏಣಿ, ಒಂದು ಬಲ್ಬು. ದಿನಕ್ಕೆ ಎಷ್ಟು ಸಲ ಏಣಿ ಹತ್ತಿ ಇಳಿಯುತ್ತೀರಿ ಎಂದು ಕೇಳಿದರೆ, "ಮಂಡಿನ ಕೇಳಿ, ಅದು ಬರೆದಿಟ್ಟುಕೊಂಡಿದೆ," ಎನ್ನುತ್ತಾರೆ.

ಕನ್ನಡಕದ ಹೆಂಗಸು ಅಂಚೆ ಡಬ್ಬಿಯಿಂದ ಗೆದ್ದವರಂತೆ ವಾಪಸಾಗುತ್ತಾರೆ. ಈಗ ಸೂಟ್‌ಕೇಸ್ ಒಳಗೆ ಹೋಗುತ್ತದೆ. ಅವರು ಬಿಲ್ಲೆಯನ್ನು ಕೈಯಲ್ಲಿ ಹಿಡಿದು, "ಮೊದಲು ಕೋಟೆಗೇ ಹೋಗ್ತೀನಿ," ಎನ್ನುತ್ತಾರೆ.

"ಇವತ್ತು ಬೇಡ. ಐನೂರು ವರ್ಷ ನಿಂತಿದೆ, ಇನ್ನೊಂದು ದಿನ ನಿಮಗಾಗಿ ನಿಲ್ಲುತ್ತೆ. ಇವತ್ತು ಇಳ್ಕೊಳ್ಳೋ ಮನೆ ಸುತ್ತ ಮೂರು ಸುತ್ತು ಹಾಕಿ. ಔಷಧಿ ಅಂಗಡಿ ಎಲ್ಲಿ, ಟೀ ಎಲ್ಲಿ, ಬಾಗಿಲು ಸರಿಯಾಗಿರೋ ಪಾಯಿಖಾನೆ ಎಲ್ಲಿ, ಅದು ಗೊತ್ತಾದ್ರೆ ಅರ್ಧ ಊರು ನಿಮ್ಮದು. ಕೋಟೆಗೆ ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ. ಹತ್ತು ಗಂಟೆ ಆದ್ರೆ ಬರೀ ಬೆನ್ನುಗಳು ಕಾಣ್ತವೆ."

"ಯಾರಾದ್ರೂ ಒಬ್ಳೇನಾ ಅಂತ ಕೇಳಿದ್ರೆ?"

"ಅಕ್ಕ ಹಿಂದೆ ಬರ್ತಿದಾಳೆ ಅನ್ನಿ. ಸುಳ್ಳಲ್ಲ, ನಾನಿಲ್ವಾ? ಮತ್ತೆ ಇಳ್ಕೊಂಡ ಜಾಗದ ಹೆಸರು ಒಂದು ಚೀಟೀಲಿ ಬರೆದು ಇಟ್ಕೊಳ್ಳಿ. ಫೋನು ಸಾಯೋದೇ ದಾರಿ ತಪ್ಪಿದಾಗ. ದೊಡ್ಡ ಬ್ಯಾಗು ಕಳೆದುಹೋದ್ರೂ ಒಂದು ದಿನ ಬದುಕೋವಷ್ಟು ಭುಜದ ಚೀಲದಲ್ಲಿರಲಿ. ಮುಖ್ಯವಾದದ್ದು, ಬ್ಯಾಗು ನೀವೇ ತುಂಬಿದ್ದು ತಾನೇ? ಕಣ್ಮುಚ್ಚಿ ಕೇಳಿದ್ರೂ ಒಳಗೇನಿದೆ ಅಂತ ಹೇಳೋ ಹಾಗಿರಬೇಕು."

ಆರು ಗಂಟೆಗೆ ಕಂಡಕ್ಟರು ಬರುತ್ತಾರೆ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಈ ಆರು ದಿನ ಬದಲಿಗೆ ಕೂರಲು ಒಪ್ಪಿ ಎರಡು ವಾರದಿಂದ ಕೆಲಸ ಕಲಿತಿದ್ದಾರೆ. ಎರಡು ಸಲ ಏಟು ತಿಂದಿದ್ದ ಲಗೇಜಕ್ಕ ಅವರ ತಲೆ ಕಂಡ ಮೇಲೇ ಉಸಿರು ಬಿಡುತ್ತಾರೆ.

"ಬಂದ್ಯಾ ಮಾರಾಯ. ಷಟರ್‌ಗೆ ಎಲ್ಲಿ ಗುದ್ದಬೇಕು?"

"ಬಲಗಡೆ ಮೂಲೆ, ಅಕ್ಕ. ಕನಸಲ್ಲೂ ಗುದ್ದಿದೀನಿ. ಹೆಂಡತಿ ಎದ್ದು ಕೂತ್ಕೊಂಡ್ಳು."

"ಬಿಲ್ಲೆ ಕಳ್ಕೊಂಡು ಬಂದ್ರೆ?"

"ಒಳಗಿರೋ ಮೂರು ಸಾಮಾನು ಹೇಳಬೇಕು. ಹೇಳೋವರೆಗೂ ಜಿಪ್ ಮುಟ್ಟಬಾರದು. ಬ್ರಷ್ಷು, ಟವೆಲ್ಲು ಲೆಕ್ಕಕ್ಕಿಲ್ಲ, ಅವು ಎಲ್ಲರ ಬ್ಯಾಗಲ್ಲೂ ಇರ್ತವೆ. ಹೇಳೋಕ್ಕಾಗದಿದ್ರೆ ಎಂಟು ಗಂಟೆಗೆ ಮಾಸ್ತರರು ಬಂದು ಸಹಿ ಹಾಕೋವರೆಗೂ ಕೂರಬೇಕು."

ಆರೂವರೆಗೆ ಆ ಪ್ರಸಂಗವೇ ಬರುತ್ತದೆ. ಪಟ್ಟೆ ಅಂಗಿಯವನೊಬ್ಬ ಗೆಳೆಯನ ಬ್ಯಾಗು ಕೇಳುತ್ತಾನೆ. ಬಿಲ್ಲೆ ಇಲ್ಲ, ಒಳಗೇನಿದೆ ಎಂದೂ ತಿಳಿಯದು.

"ಅಲ್ಲಮ್ಮ, ನನ್ನ ಮುಖ ನೋಡಿದ್ರೆ ಕಳ್ಳನ ಹಾಗಿದೆಯಾ?"

"ಕಳ್ಳರ ಮುಖ ನಿಮ್ಮದಕ್ಕಿಂತ ಚೆನ್ನಾಗಿರುತ್ತಪ್ಪ."

"ನಿಮ್ಮ ಸ್ವಂತದವರು ಬಂದಿದ್ರೆ ಕೊಡ್ತಿರಲಿಲ್ವಾ?"

"ನನ್ನ ಸ್ವಂತದವರಿಗೂ ಇಲ್ಲ. ಬೆಂಚಿದೆ, ಕೂತ್ಕೊಳ್ಳಿ."

ಮಾತು ಗಡುಸು, ಕಾರಣವೂ ಹಾಗೇ. ಹನ್ನೊಂದು ವರ್ಷದ ಹಿಂದೆ ಅಚ್ಚುಕಟ್ಟಾದ ಕೋಟಿನವನೊಬ್ಬ ನಗುತ್ತ ಬಂದು ಬಿಲ್ಲೆ ಕಳೆಯಿತೆಂದ. ಲಗೇಜಕ್ಕ ಕಪ್ಪು ಪೆಟ್ಟಿಗೆ ಎತ್ತಿಕೊಟ್ಟರು. ಸಂಜೆ ನಾಲ್ಕಕ್ಕೆ ಮುದುಕರೊಬ್ಬರು ಬಿಲ್ಲೆ ಹಿಡಿದು ಬಂದರು. ಪೆಟ್ಟಿಗೆಯಲ್ಲಿ ತೀರಿಹೋದ ಹೆಂಡತಿಯ ಕಾಗದಗಳಿದ್ದವಂತೆ. ಅವರು ಬೈಯಲಿಲ್ಲ. ಕತ್ತಲಾಗುವವರೆಗೆ ಇದೇ ಬೆಂಚಿನ ಮೇಲೆ ಕೂತಿದ್ದು, ಬಿಲ್ಲೆಯನ್ನು ಕಟ್ಟೆಯ ಮೇಲಿಟ್ಟು ಎದ್ದು ಹೋದರು. ಪೆಟ್ಟಿಗೆ ಸಿಗಲೇ ಇಲ್ಲ. "ಬೈದಿದ್ರೆ ಮರೆತುಬಿಡ್ತಿದ್ದೆ," ಎನ್ನುತ್ತಾರೆ ಲಗೇಜಕ್ಕ. ಆ ಬಿಲ್ಲೆ ಇನ್ನೂ ಒಳಗಿನ ಮೊಳೆಗೆ ನೇತಾಡುತ್ತಿದೆ, ಯಾರಿಗೂ ಕೊಡುವುದಿಲ್ಲ.

ಏಳು ಗಂಟೆ. ಮಂಡಿಯನ್ನು ನಂಬಿ ಸೇತುವೆ ದಾಟಿ ಮೂರನೇ ಪ್ಲಾಟ್‌ಫಾರ್ಮ್ ಸೇರಲು ಹತ್ತು ನಿಮಿಷವಾದರೂ ಬೇಕು. ಲಗೇಜಕ್ಕ ಮುಖ ತೊಳೆದು, ತಲೆ ಬಾಚಿ, ಪಕ್ಕದ ಬಾಗಿಲಿಂದ ಹೊರಗೆ ಬಂದು ಕಟ್ಟೆಯ ಈಚೆ, ಸಾಲಿನ ಕೊನೆಗೆ ನಿಲ್ಲುತ್ತಾರೆ. ಮೂರು ಸುತ್ತು ಮುಗಿಸಿ ಬಂದ ಕನ್ನಡಕದ ಹೆಂಗಸು ಕಳಿಸಿಕೊಡಲೆಂದು ಪಕ್ಕದಲ್ಲೇ ನಿಂತಿದ್ದಾರೆ. ಸರದಿ ಬರುತ್ತದೆ.

"ಬಿಲ್ಲೆ," ಎಂದು ಕಂಡಕ್ಟರು ಕೈ ಚಾಚುತ್ತಾರೆ. ಇಬ್ಬರಿಗೂ ನಗು.

ಲಗೇಜಕ್ಕ ಭುಜದ ಚೀಲಕ್ಕೆ ಕೈ ಹಾಕುತ್ತಾರೆ. ಜೇಬು ತಡವುತ್ತಾರೆ. ಚೀಲವನ್ನು ಕಟ್ಟೆಯ ಮೇಲೆ ಸುರಿಯುತ್ತಾರೆ. ಟಿಕೆಟ್ಟು, ಗುರುತಿನ ಚೀಟಿ, ಮಾತ್ರೆ, ಒಂದು ಜೊತೆ ಬಟ್ಟೆ, ಲಾಡ್ಜಿನ ಹೆಸರು ಬರೆದ ಕಾಗದ. ಬಿಲ್ಲೆ ಇಲ್ಲ. ಬೆಳಿಗ್ಗೆ ಕೈಗೆ ಸಿಕ್ಕಲ್ಲಿ ಸಿಕ್ಕಿಸಿದ್ದು ನೆನಪಾಗುತ್ತದೆ. ಕೈಗೆ ಸಿಕ್ಕಿದ್ದು ನೀಲಿ ಬ್ಯಾಗಿನ ಪಕ್ಕದ ಜಿಪ್ ಜೇಬು. ದಿನಕ್ಕೊಬ್ಬ ಗಿರಾಕಿಯಾದರೂ ಮಾಡುವ ತಪ್ಪು, ದಿನಕ್ಕೊಬ್ಬರಾದರೂ ಅವರಿಂದ ಬೈಸಿಕೊಳ್ಳುವ ತಪ್ಪು.

ಕಂಡಕ್ಟರ ನಗು ನಿಲ್ಲುತ್ತದೆ. ಅಭ್ಯಾಸಬಲದಿಂದ ಬಾಯಿ ತಾನಾಗಿ ಹೇಳುತ್ತದೆ: "ಮೂರು ಸಾಮಾನು ಹೇಳಿ, ಅಕ್ಕ."

"ಬೂದು ಶಾಲು," ಎಂದು ಶುರುಮಾಡಿ ಲಗೇಜಕ್ಕ ನಿಲ್ಲುತ್ತಾರೆ. ನಿನ್ನೆ ಬ್ಯಾಗು ತುಂಬಿದ್ದು ಜೊತೆಯಲ್ಲಿರುವ ತಂಗಿಯ ಮಗಳು. ದೊಡ್ಡಮ್ಮ, ನೀವು ಕಾಲು ಚಾಚಿ ಮಲಗಿ, ಆ ಹಳೇ ಶಾಲು ರಾಜಧಾನಿಗೆ ಸೇರಲ್ಲ, ಬ್ಯಾಗು ನಾನು ನೋಡ್ಕೋತೀನಿ, ಅಲ್ಲಿ ಹೋಗಿ ತೆಗೆದಾಗ ಖುಷಿಯಾಗಬೇಕು ಎಂದಿದ್ದಳು. ಅವಳೀಗ ಬಟ್ಟೆ ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಇಸ್ತ್ರಿ ಹಾಕುತ್ತಿದ್ದಾಳೆ, ಎಂಟಕ್ಕೆ ಪಾಳಿ ಮುಗಿಯುವವರೆಗೆ ಫೋನು ಕಪಾಟಿನಲ್ಲಿರುತ್ತದೆ.

"ಗೊತ್ತಿಲ್ಲ ಕಣೋ," ಎನ್ನುತ್ತಾರೆ. "ನನ್ನ ಬ್ಯಾಗಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ."

ಕಂಡಕ್ಟರು ಬಗ್ಗಿ ಪಿಸುಗುಡುತ್ತಾರೆ. "ಏನಾದ್ರೂ ಮೂರು ಹೇಳಿಬಿಡಿ. ನಾನು ಹೂಂ ಅಂತೀನಿ. ಗಾಡಿ ಹೋಗುತ್ತೆ."

ಬ್ಯಾಗು ಎರಡನೇ ಸಾಲಿನಲ್ಲಿ ಕಣ್ಣೆದುರೇ ಇದೆ. ಕೈ ಚಾಚಿದರೆ ಸಿಕ್ಕುತ್ತದೆ. ಬೆಂಚಿನ ಮೇಲೆ ಪಟ್ಟೆ ಅಂಗಿಯವನು ಪೇಪರ್ ಮಡಚಿ ಇತ್ತಲೇ ನೋಡುತ್ತಿದ್ದಾನೆ. ಮೊಳೆಯಲ್ಲಿ ಹಳೇ ಬಿಲ್ಲೆ ನೇತಾಡುತ್ತಿದೆ. ಗಡಿಯಾರದಲ್ಲಿ ಏಳೂ ಎಂಟು.

ಲಗೇಜಕ್ಕ ಸುರಿದ ಸಾಮಾನನ್ನೆಲ್ಲ ಒಂದೊಂದಾಗಿ ಭುಜದ ಚೀಲಕ್ಕೆ ಹಾಕಿಕೊಳ್ಳುತ್ತಾರೆ. "ಬೇಡ. ಅಲ್ಲೇ ಇರಲಿ. ಎಂಟಕ್ಕೆ ಮಾಸ್ತರರು ಬಂದ್ರೆ ಇವರದ್ದು ಮೊದಲು ಬಿಡಿಸಿಕೊಡು, ಪಾಪ, ಆಗಿಂದ ಕೂತಿದಾರೆ. ನನ್ನದಕ್ಕೆ ಬಂದಮೇಲೆ ನಾನೇ ಸಹಿ ಹಾಕಿಸ್ಕೋತೀನಿ."

"ಅಕ್ಕ, ಆರು ದಿನ..."

"ಒಂದು ಜೊತೆ ಬಟ್ಟೆ ಇದೆ, ಸೋಪು ಎಲ್ಲಾ ಊರಲ್ಲೂ ನೊರೆ ಬರುತ್ತೆ."

ಪಟ್ಟೆ ಅಂಗಿಯವನು ಎದ್ದು ನಿಂತು ದಾರಿ ಬಿಡುತ್ತಾನೆ.

ಸೇತುವೆಯ ಮೆಟ್ಟಿಲು ಹತ್ತುವಾಗ ಕನ್ನಡಕದ ಹೆಂಗಸು ಪಕ್ಕದಲ್ಲಿದ್ದಾರೆ. ಬೆಳಿಗ್ಗೆ ಕಲಿತ ಪಾಠವನ್ನು ಗುರುವಿಗೇ ಒಪ್ಪಿಸುತ್ತಿದ್ದಾರೆ: ನಡೆಯುವವರನ್ನು ದಾರಿ ಕೇಳಬೇಡಿ, ಮೊದಲ ದಿನ ಅರಮನೆಗೆ ಹೋಗಬೇಡಿ, ಯಾರಾದರೂ ಕೇಳಿದರೆ ತಂಗಿ ಹಿಂದೆ ಬರುತ್ತಿದ್ದಾಳೆ ಅನ್ನಿ. ಲಗೇಜಕ್ಕ ಹೂಂ ಹೂಂ ಎನ್ನುತ್ತ ಒಂದೊಂದೇ ಮೆಟ್ಟಿಲು ಏರುತ್ತಾರೆ. ಅಲ್ಲಿ ಹೋಗಿ ಏನು ನೋಡುವ ಆಸೆ ಎಂದು ಕೇಳಿದರೆ ಹದಿನಾಲ್ಕು ಸೇತುವೆಯ ಮಾತೇ ಬರುವುದಿಲ್ಲ.

"ಎಲ್ಲರೂ ನನ್ನ ಹತ್ರ ಬ್ಯಾಗು ಕೊಟ್ಟು ಕೈ ಬೀಸ್ಕೊಂಡು ಹೋಗೋದನ್ನ ಇಪ್ಪತ್ತೇಳು ವರ್ಷ ನೋಡಿದೀನಿ. ಆ ಬೆನ್ನುಗಳನ್ನ ನೋಡಿದ್ರೆ ಗೊತ್ತಾಗುತ್ತೆ, ಎಷ್ಟು ಹಗುರ ಅಂತ. ಒಂದು ದೊಡ್ಡ ಊರಲ್ಲಿ ಒಂದು ಸಲ ಹಾಗೆ ನಡೀಬೇಕು. ಅಷ್ಟೇ."

ಮೆಟ್ಟಿಲು ತಿರುಗುವ ಮೂಲೆ ಬರುತ್ತದೆ. ಗಾಡಿ ಕೂಗುತ್ತಿದೆ. ಲಗೇಜಕ್ಕ ಅಲ್ಲಿ ನಿಲ್ಲುತ್ತಾರೆ, ಪೂರ್ತಿ ಹಿಂದಕ್ಕೆ ತಿರುಗುತ್ತಾರೆ. ತಮ್ಮ ರೂಮನ್ನು ಈ ಕಡೆಯಿಂದ, ಊರಿಗೆ ಹೊರಟವರ ಕಣ್ಣಿಂದ, ಅವರು ನೋಡಿದ್ದೇ ಇಲ್ಲ. ಎಷ್ಟು ಚಿಕ್ಕದು. ಒಂದು ಬಲ್ಬು, ಒಂದು ಕಟ್ಟೆ, ಅದರ ಆಚೆ ಕಂಡಕ್ಟರು ಒಂದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತ ಯಾರನ್ನೋ ಕೇಳುತ್ತಿರುವುದು ಇಲ್ಲಿಗೂ ಕೇಳಿಸುತ್ತದೆ: "ಬ್ಯಾಗು ನೀವೇ ತುಂಬಿದ್ದಾ?"

"ಬಿಲ್ಲೆ ಇಲ್ದೆ ನನ್ನ ಬ್ಯಾಗೇ ಹೊರಗೆ ಬರಲಿಲ್ಲ ನೋಡಿ," ಎನ್ನುತ್ತಾರೆ ಲಗೇಜಕ್ಕ. "ಇನ್ನು ಯಾರ ಬ್ಯಾಗಿಗೂ ಭಯವಿಲ್ಲ."

ಆಮೇಲೆ ಸೇತುವೆಯ ಮೇಲೆ, ಮಂಡಿ ಬಿಟ್ಟುಕೊಟ್ಟಷ್ಟು ಬೇಗ, ಎರಡೂ ಕೈ ಬೀಸಿಕೊಂಡು ಮೂರನೇ ಪ್ಲಾಟ್‌ಫಾರ್ಮಿನ ಕಡೆಗೆ ನಡೆಯುತ್ತಾರೆ.