ಸಲ್ಮಾಬಾದಿನ ಪೊರ್ಬುಗಳೂ ಹಿಮದ ಟಯರೂ

ಕೊಸ್ಮಸ್ ಪೊರ್ಬುಗಳು ಮೊದಲು ನೋಡುವುದು ಟಯರನ್ನು, ಆಮೇಲೆ ಕಾರನ್ನು. ಕಾರಿನೊಳಗೆ ಮನುಷ್ಯರಿದ್ದಾರೆ ಎಂಬುದು ಅವರಿಗೆ ತುಸು ತಡವಾಗಿ ಹೊಳೆಯುತ್ತದೆ. ಶುಕ್ರವಾರ ಬಹ್ರೇನಿನ ಮನಾಮಾದ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಬಂದವರು ನೆಟ್ಟಗೆ ಬಸ್ಸಿನ ಕಡೆ ನಡೆಯುವುದಿಲ್ಲ. ಸಾಲಾಗಿ ನಿಂತ ಕಾರುಗಳ ಪಕ್ಕ ಬಗ್ಗಿ, ಯಾರದೋ ಟಯರನ್ನು ಉಗುರಿನಿಂದ ಒತ್ತಿ, ಇದರ ಕತೆ ಮುಗಿಯಿತು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಒಮ್ಮೆ ಒಬ್ಬ ಮಾಲೀಕ ಇವರನ್ನು ಕಳ್ಳನೆಂದೇ ತಿಳಿದು ಗದರಿಸಿದ್ದ. ಅವನಿಗೂ ಟಯರ್ ಬದಲಾಯಿಸಲು ಬುದ್ಧಿ ಹೇಳಿಯೇ ಬಂದರು.

ನಾನು ಶೈಲೇಶ, ಅವರು ಕೆಲಸ ಮಾಡುವ ಟಯರ್ ಅಂಗಡಿಯ ಕೌಂಟರಿನವನು. ನನ್ನ ಊರು ಕಾಪು, ಅವರದು ಶಿರ್ವ. ನಮ್ಮಲ್ಲಿ ತುಳು ಮಾತಾಡುವವರು ಕ್ರಿಶ್ಚನ್ ಗಂಡಸರನ್ನು ಪೊರ್ಬುಗಳು ಎನ್ನುತ್ತೇವೆ, ಹೆಂಗಸರನ್ನು ಬಾಯಮ್ಮ. ಸಲ್ಮಾಬಾದಿನಲ್ಲಿ ನಮ್ಮ ಅಂಗಡಿ, ಹಿಂದೆ ಗೋದಾಮು, ಅದರ ಮೇಲೆ ನಾವಿಬ್ಬರೂ ಮಲಗುವ ಕೋಣೆ. ನಾನು ಗಾಜಿನೊಳಗೆ ಎ.ಸಿ.ಯಲ್ಲಿ ಕೂತು ದಣಿಯುತ್ತೇನೆ, ಅವರು ಶೆಡ್ಡಿನಲ್ಲಿ ನಿಂತು ದಣಿಯುತ್ತಾರೆ. ಯಾರ ದಣಿವು ಹೆಚ್ಚು ಎಂದು ಕೇಳಬೇಡಿ, ನನಗೆ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷಕ್ಕೂ ಮೇಲೆ ಆ ಬಿಸಿಯಲ್ಲಿ ಬಗ್ಗಿ ಎದ್ದು, ಬಗ್ಗಿ ಎದ್ದು ಅವರ ಸೊಂಟ ಹೋಗಿದೆ, ಮೊಣಕಾಲು ಹೋಗುವ ದಾರಿಯಲ್ಲಿದೆ. ಉಳಿದಿರುವುದು ಟಯರಿನ ವಿದ್ಯೆಯೊಂದೇ. ಯಾವ ಗಾಡಿಗೆ ಎಷ್ಟು ಗಾಳಿ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನಾನು ಒಮ್ಮೆ ಪರೀಕ್ಷೆಗೆಂದು ಎಬ್ಬಿಸಿ ಕೇಳಿಯೇ ಬಿಟ್ಟಿದ್ದೆ. ಸರಿಯಾಗಿ ಹೇಳಿ, ನನಗೆ ಚೆನ್ನಾಗಿ ಬೈದು, ಮತ್ತೆ ಮಲಗಿದರು.

ಅವರ ವಿದ್ಯೆಯೆಲ್ಲ ಒಂದು ಮಾತಿನಲ್ಲಿ ಅಡಗಿತ್ತು: ಮೆತ್ತಗಿನ ರಬ್ಬರ್ ಮೋಸ, ಗಟ್ಟಿ ರಬ್ಬರ್ ಕ್ಷೇಮ. ಈ ದೇಶದ ಮಟ್ಟಿಗೆ ಅದರಲ್ಲಿ ಸುಳ್ಳೇನೂ ಇಲ್ಲ. ಜುಲೈಯ ಡಾಮರಿನ ಮೇಲೆ ಮೆತ್ತಗಿನ ಟಯರು ಬೇಗ ಸವೆದು ಒಂದು ದಿನ ಹೈವೇಯಲ್ಲಿ ಒಡೆಯುತ್ತದೆ. ಬಹ್ರೇನಿಗಳಿಗೆ, ಪಾಕಿಸ್ತಾನಿ ಲಾರಿ ಡ್ರೈವರುಗಳಿಗೆ, ಪಾದ್ರಿಗಳಿಗೆ, ಎಲ್ಲರಿಗೂ ಅವರು ಅದನ್ನೇ ಹೇಳಿದ್ದಾರೆ. ನನಗಂತೂ ಕೇಳಿ ಕೇಳಿ ಕಿವಿ ತೂತಾಗಿತ್ತು.

ಅವರ ಹೆಂಡತಿ ನೆಲ್ಲಿ ಬಾಯಮ್ಮ ಇಲ್ಲೇ ನರ್ಸ್ ಆಗಿದ್ದರು. ಆಗ ಗಂಡ ಹೆಂಡತಿ ಬುಸೈತೀನಿನ ಸಣ್ಣ ಫ್ಲ್ಯಾಟಿನಲ್ಲಿದ್ದರು, ಶುಕ್ರವಾರ ಮಧ್ಯಾಹ್ನ ನನ್ನ ಊಟವೂ ಅಲ್ಲೇ. ಆಮೇಲೆ ಬಾಯಮ್ಮನಿಗೆ ಕೆನಡಾದ ಯಾವುದೋ ಬಯಲಿನ ಸಣ್ಣ ಊರಿನಲ್ಲಿ, ಮುದುಕರನ್ನು ನೋಡಿಕೊಳ್ಳುವ ಆಶ್ರಮದಲ್ಲಿ ಕೆಲಸ ಸಿಕ್ಕಿತು. ಗಂಡನ ವೀಸಾದ ಕಾಗದ ಹಿಂದೆಯೇ ಬರುತ್ತದೆ ಎಂದು ಹೋದರು. ಕಾಗದ ಇನ್ನೂ ಬಂದಿಲ್ಲ. ಪೊರ್ಬುಗಳು ಫ್ಲ್ಯಾಟ್ ಬಿಟ್ಟು ನನ್ನ ಕೋಣೆಗೆ ಬಂದರು. ಮೊದಮೊದಲು ನಾನು ಕಾಗದದ ವಿಷಯ ಕೇಳುತ್ತಿದ್ದೆ. ಬರ್ತದೆ ಎನ್ನುವಾಗ ಅವರ ಮುಖ ನೋಡಲಾಗದೆ ಕೇಳುವುದನ್ನೇ ಬಿಟ್ಟೆ.

ದಿನಾ ನಮ್ಮ ಸಂಜೆಯ ಚಹಾದ ಹೊತ್ತಿಗೆ ಅಲ್ಲಿ ಬಾಯಮ್ಮನ ರಾತ್ರಿ ಪಾಳಿ ಮುಗಿಯುತ್ತದೆ. ಆಗ ಫೋನ್ ಬರುತ್ತದೆ. ಪೊರ್ಬುಗಳ ಕೈಯೆಲ್ಲ ಕಪ್ಪಾದ್ದರಿಂದ ಸ್ಪೀಕರ್ ಒತ್ತುವ ಕೆಲಸ ನನ್ನದು. ಅವರು ಮಾತಾಡುವುದು ಕೊಂಕಣಿ. ನನಗೆ ಮಾತಾಡಲು ಬರದಿದ್ದರೂ ಕೇಳಿದರೆ ಅರ್ಥವಾಗುತ್ತದೆ. ಬಾಯಮ್ಮ ಅಲ್ಲಿ ಬ್ಯಾಂಕು, ಮನೆ, ಡ್ರೈವಿಂಗ್ ಎಲ್ಲವನ್ನೂ ಒಬ್ಬರೇ ಕಲಿತುಕೊಂಡರು. ಗಂಡನನ್ನು ಕೇಳಬೇಕಾದ ವಿಷಯವೇ ಉಳಿದಿರಲಿಲ್ಲ. ಊಟ ಆಯಿತಾ, ಕಾಲುನೋವು ಹೇಗಿದೆ, ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಹೋದ ಅಕ್ಟೋಬರಿನಲ್ಲಿ ಬಾಯಮ್ಮ ಹಳೆಯ ಕಾರೊಂದನ್ನು ಕೊಂಡರು. ಆಶ್ರಮ ಊರಿನಿಂದ ಆಚೆ, ಬಸ್ಸಿಲ್ಲ. ಚಳಿಗಾಲಕ್ಕೆ ಬೇರೆಯೇ ಟಯರ್ ಹಾಕಬೇಕಂತೆ, ಜೊತೆಗಿನ ನರ್ಸುಗಳು ಹೇಳುತ್ತಾರೆ, ನೀವೇನು ಹೇಳುತ್ತೀರಿ ಎಂದು ಕೇಳಿದರು. ಪೊರ್ಬುಗಳು ಚಹಾ ಕೆಳಗಿಟ್ಟು ನೆಟ್ಟಗೆ ಕೂತರು. ಆ ಸೊಂಟ ಅಷ್ಟು ನೆಟ್ಟಗಾದದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ವಿಡಿಯೋದಲ್ಲಿ ಟಯರ್ ತೋರಿಸಲು ಹೇಳಿ, ಬದಿಯ ಕೆಸರು ಒರೆಸಿಸಿ, ಅಕ್ಷರ ಓದಿಸಿದರು. ಎಂ ಪ್ಲಸ್ ಎಸ್ ಎಂದಿತ್ತು. ನಮ್ಮ ಗೋದಾಮಿನ ಎಷ್ಟೋ ಟಯರುಗಳ ಮೇಲೆ ಇರುವ ಗುರುತೇ ಅದು.

“ಎಂ ಅಂದ್ರೆ ಮಡ್, ಎಸ್ ಅಂದ್ರೆ ಸ್ನೋ. ಕಂಪೆನಿಯವನೇ ಬರೆದಿದ್ದಾನಲ್ಲ? ರಬ್ಬರೂ ಗಟ್ಟಿ ಉಂಟು. ಬೇರೆ ಎಂತದೂ ಬೇಡ,” ಎಂದರು. ನನ್ನ ಕಡೆ ನೋಡಿದರು. ನಾನೂ ಕೌಂಟರಿನ ಗತ್ತಿನಲ್ಲಿ ತಲೆಯಾಡಿಸಿದೆ. ನಾವಿಬ್ಬರೂ ಹಿಮ ಕಂಡದ್ದು ಫ್ರಿಜ್ಜಿನ ಮೇಲ್ಗಡೆಯ ಖಾನೆಯಲ್ಲಿ ಮಾತ್ರ ಎಂಬುದು ಆಗ ಇಬ್ಬರಿಗೂ ನೆನಪಾಗಲಿಲ್ಲ. ಆಮೇಲೆ ಒಂದು ವಾರ ಪೊರ್ಬುಗಳು ಬಂದ ಗಿರಾಕಿಗಳಿಗೆಲ್ಲ, ಕೆನಡಾಕ್ಕೂ ಸಲಹೆ ಹೋಗುವುದು ನಮ್ಮ ಅಂಗಡಿಯಿಂದಲೇ ಎಂದು ಕೊಚ್ಚಿಕೊಂಡರು.

ಇಲ್ಲಿ ಡಿಸೆಂಬರ್ ಬಂದರೆ ಸ್ವೆಟರ್ ಹಾಕಿ ಸುಖವಾಗಿ ತಿರುಗುವ ಕಾಲ. ಪೊರ್ಬುಗಳು ಮಾತ್ರ ಫೋನಿನಲ್ಲಿ ಆ ಊರಿನ ಹವೆ ನೋಡುತ್ತ ಕೂತಿರುತ್ತಿದ್ದರು. ಹಿಮದ ಬಿರುಗಾಳಿ ಎಂದು ಕೆಂಪಕ್ಷರದಲ್ಲಿ ಬಂದ ದಿನ ಒಂದು ಗಾಡಿಗೆ ಹಿಂದಿನ ಟಯರ್ ಮುಂದೆ ಹಾಕಿ ಮುದೀರನಿಂದ, ಅಂದರೆ ನಮ್ಮ ಮ್ಯಾನೇಜರನಿಂದ ಬೈಸಿಕೊಂಡರು. ಕೇಳಿದಾಗಲೆಲ್ಲ ಬಾಯಮ್ಮನದು ಒಂದೇ ಉತ್ತರ, ಎಲ್ಲ ಸರಿ ಉಂಟು. ಆ ಉತ್ತರ ಬರಬರುತ್ತ ಚಿಕ್ಕದಾಗುತ್ತಿತ್ತು. ರಾತ್ರಿ ಪಾಳಿಯ ದಣಿವು ಎಂದುಕೊಂಡೆವು.

ಕ್ರಿಸ್ಮಸ್ಸಿಗೆ ಬಾಯಮ್ಮ ಒಂದು ಫೋಟೋ ಕಳಿಸಿದರು. ಪಾದ ಮುಳುಗುವಷ್ಟು ಹಿಮದಲ್ಲಿ, ದಪ್ಪ ಕೋಟು ಹಾಕಿಕೊಂಡು ಕಾರಿನ ಪಕ್ಕ ನಿಂತಿದ್ದರು. ನಾನು ಬಾಯಮ್ಮ ಸೊರಗಿದ್ದಾರೆ ಎಂದೆ. ಪೊರ್ಬುಗಳಿಗೆ ಅದು ಕೇಳಿಸಲಿಲ್ಲ. ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದುದು ಮುಂದಿನ ಟಯರನ್ನು. ಅಲ್ಲಿ ಅವರು ಕಂಡೇ ಇರದ ಒಂದು ಗುರುತಿತ್ತು. ಮೂರು ಶಿಖರದ ಬೆಟ್ಟ, ನಡುವೆ ಹಿಮದ ಹೂವು.

“ಇದು ಅವಳ ಟಯರ್ ಅಲ್ಲ, ಶೈಲೇಶಾ. ಇದೆಂತದು ನೋಡು,” ಎಂದರು.

ನೋಡಿದೆ. ಕಂಪ್ಯೂಟರಿನಲ್ಲಿ ಹುಡುಕಿದ್ದು ಒಂದು ಚಹಾ ಆರುವಷ್ಟು ಹೊತ್ತು, ಅದರಲ್ಲೇ ಎಲ್ಲ ಸಿಕ್ಕಿತು. ಬೆಟ್ಟದ ಗುರುತು ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಿದ ಟಯರಿಗೆ ಮಾತ್ರ. ಎಂ ಪ್ಲಸ್ ಎಸ್ ಎಂದರೆ ಟಯರಿನ ಮೇಲಿನ ಕಚ್ಚುಗಳು ಅಗಲವಾಗಿವೆ ಎಂದಷ್ಟೇ. ಹವೆ ಏಳು ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ರಬ್ಬರು ಹಲಗೆಯ ಹಾಗೆ ಗಟ್ಟಿಯಾಗಿ ಜಾರುತ್ತದೆ, ಹಿಮದಲ್ಲಿ ಹಿಡಿಯುವುದು ಮೆತ್ತಗಿನ ರಬ್ಬರೇ. ಅಂದರೆ ಇಲ್ಲಿ ಯಾವುದು ಮೋಸವೋ ಅಲ್ಲಿ ಅದೇ ಕ್ಷೇಮ. ಎಲ್ಲವನ್ನೂ ಓದಿ ಹೇಳಿದೆ. ಪೊರ್ಬುಗಳು ಫೋಟೋವನ್ನು ಮತ್ತೊಮ್ಮೆ ಹಿಗ್ಗಿಸಿ ನೋಡಿದರು.

ಮರುದಿನ ಫೋನ್ ಬಂದಾಗ ಅವರು ಊಟದ ವಿಷಯ ಎತ್ತಲಿಲ್ಲ. ಟಯರ್ ಯಾವಾಗ ಬದಲಾಯಿಸಿದೆ ಎಂದು ಕೇಳಿದರು. ಬಾಯಮ್ಮ ಆಗ ಹೇಳಿದರು. ನವೆಂಬರಿನ ಮೊದಲ ಬಿರುಗಾಳಿಯಲ್ಲಿ, ರಸ್ತೆಯೂ ಆಕಾಶವೂ ಒಂದೇ ಬಿಳಿಯಾಗಿದ್ದಾಗ, ತಿರುವಿನಲ್ಲಿ ಬ್ರೇಕ್ ಒತ್ತಿದರಂತೆ. ಕಾರು ನಿಲ್ಲದೆ ಹೋಗಿ ಚರಂಡಿಗೆ ಇಳಿದು ಹಿಮದಲ್ಲಿ ಹೂತಿತು. ಪೆಟ್ಟಾಗಲಿಲ್ಲ. ಹಿಮ ತಳ್ಳುವ ಗಾಡಿಯವನು ಕಂಡು ಎಳೆಯುವವರೆಗೆ ಒಳಗೇ ಜಪಮಾಲೆ ಹಿಡಿದು ಕೂತಿದ್ದರು. ಆ ವಾರವೇ ನರ್ಸುಗಳು ಕರೆದುಕೊಂಡು ಹೋಗಿ ಚಳಿಗಾಲದ ಟಯರ್ ಹಾಕಿಸಿದರು.

ಪೊರ್ಬುಗಳು ಬಹಳ ಮೆಲ್ಲಗೆ, ನನಗೆ ಯಾಕೆ ಹೇಳಲಿಲ್ಲ ಎಂದರು.

“ನಿಮ್ಮತ್ರ ಕೇಳ್ಲಿಕ್ಕೆ ನನಗೆ ಅದೊಂದೇ ಉಳಿದಿತ್ತು,” ಎಂದರು ಬಾಯಮ್ಮ. “ಅದೂ ತಪ್ಪಾಯ್ತು ಅಂತ ಹೇಗೆ ಹೇಳುದು?”

ಪೊರ್ಬುಗಳು ಕಪ್ಪು ಕೈಯನ್ನು ಹಳೆ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಆಮೇಲೆ ಹೊಸ ಟಯರ್ ಹೇಗೆ ಹಿಡಿಯುತ್ತದೆ ಎಂದು ವಿಚಾರಿಸಿದರು. ಮೊದಲು ಬ್ರೇಕ್ ಒತ್ತಿದರೆ ಕಾರು ಕೇಳುತ್ತಲೇ ಇರಲಿಲ್ಲ, ಈಗ ಕೇಳುತ್ತದೆ, ಸ್ವಲ್ಪ ತಡವಾಗಿ ಎಂದರು ಬಾಯಮ್ಮ. ಮಂಜುಗಡ್ಡೆಯ ಮೇಲೆ ಇದೂ ಜಾರುತ್ತದೆ. ಬಿರುಗಾಳಿಯಲ್ಲಿ ಕಣ್ಣೇ ಕಾಣದಿದ್ದರೆ ಯಾವ ಟಯರಿದ್ದು ಏನು, ಅಂಥ ದಿನ ಪಾಳಿ ಮುಗಿದರೂ ಆಶ್ರಮದಲ್ಲೇ ಮಲಗುತ್ತೇನೆ ಎಂದರು. ಪೊರ್ಬುಗಳು ಹ್ಞೂಂ, ಹ್ಞೂಂ ಎನ್ನುತ್ತ ಕೇಳಿಸಿಕೊಂಡರು. ಟಯರಿನ ವಿಷಯವನ್ನು ಬೇರೆಯವರು ಹೇಳಿ ಅವರು ಕೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡದ್ದಿಲ್ಲ.

ಮಾತು ಮುಗಿಯುವ ಹೊತ್ತಿಗೆ ಬಾಯಮ್ಮನಿಗೆ ಗಂಡನ ಬರೀ ಹ್ಞೂಂ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ದನಿಯನ್ನು ಹಗುರ ಮಾಡಿಕೊಂಡು, “ಅದು ಬಿಡಿ. ಈ ಚಳಿಗೆ ಗಾಳಿ ಎಷ್ಟು ಇಡ್ಬೇಕು, ಹೇಳಿ,” ಎಂದರು. ಅವರಿಗೆ ಉತ್ತರ ಬೇಕಿರಲಿಲ್ಲ, ಗಂಡನಿಗೆ ಪ್ರಶ್ನೆ ಬೇಕಿದೆ ಎಂದು ಕೇಳಿದ್ದು. ಅದು ನನಗೇ ತಿಳಿಯಿತು ಎಂದ ಮೇಲೆ ಪೊರ್ಬುಗಳಿಗೆ ತಿಳಿಯದೇ?

ಪೊರ್ಬುಗಳು ಬಾಯಿ ತೆರೆದರು. ಸಂಖ್ಯೆ ನಾಲಿಗೆಯ ತುದಿಗೆ ಬಂದದ್ದು ನನಗೆ ಕಂಡಿತು.

“ಗೊತ್ತಿಲ್ಲ ನೆಲ್ಲಿ,” ಎಂದರು. “ಅಲ್ಲಿಯವರನ್ನು ಕೇಳು.”

ಸ್ಪೀಕರ್ ನಾನೇ ಆರಿಸಿದೆ. ಹೊರಗೆ ಯಾರೋ ಹಾರ್ನ್ ಹೊಡೆದರು. ಪೊರ್ಬುಗಳು ಮೊಣಕಾಲಿಗೆ ಕೈ ಊರಿ ಎದ್ದು, ಜ್ಯಾಕ್ ಎಳೆದುಕೊಂಡು ಶೆಡ್ಡಿಗೆ ಹೋದರು. ಬಂದವನು ಗಾಳಿ ಎಷ್ಟು ಎಂದು ಕೇಳಿದ್ದಕ್ಕೆ ಕಾರಿನ ಬಾಗಿಲು ತೆರೆದು, ಒಳಗೆ ಕಂಪೆನಿಯವರು ಅಂಟಿಸಿದ ಗಾಳಿಯ ಚೀಟಿ ಓದಿ ಹೇಳಿದರು.